ನ್ಯೂಕ್ಲಿಯಸ್ಸನ್ನು ಹಿಡಿದಿಟ್ಟಿರುವುದು ಗ್ಲೂಆನೋ, ಪೈಆನೋ?

ಪಾಠದ_ಹಲಗೆ:

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಮುಂದಿನ ವಾರ ಮಕ್ಕಳ ಮುಂದೆ ಪ್ರಕೃತಿಯ ನಾಲ್ಕು ಮೂಲ ಬಲಗಳ ಬಗ್ಗೆ ಒಂದು ಗಂಟೆ ಮಾತಾಡುವುದಿದೆ. ಗುರುತ್ವ, ವಿದ್ಯುತ್ಕಾಂತೀಯ ಬಲ ಎರಡಕ್ಕೂ ಟಿಪ್ಪಣಿ ಸಲೀಸಾಗಿ ಬಂತು. ಪ್ರಬಲ ಬಲದ ಹತ್ತಿರ ಬಂದು ಕೈ ನಿಂತಿದೆ.

ನಾನು ವಿದ್ಯಾರ್ಥಿಯಾಗಿದ್ದಾಗ ಕಲಿತದ್ದು ಹೀಗೆ. ನ್ಯೂಕ್ಲಿಯಸ್ಸಿನೊಳಗೆ ಪ್ರೋಟಾನುಗಳು ಒಂದನ್ನೊಂದು ದೂಡುತ್ತವೆ, ಅವು ಚದುರದಂತೆ ಹಿಡಿದಿಡುವುದು ಪ್ರಬಲ ಬಲ. ಆ ಬಲವನ್ನು ಒಯ್ಯುವ ಕಣವೊಂದು ಇರಬೇಕೆಂದು ಜಪಾನಿನ ಭೌತವಿಜ್ಞಾನಿ ಯುಕಾವಾ 1935ರಲ್ಲಿ ಹೇಳಿದರು, 1947ರಲ್ಲಿ ಪೈಆನ್ ಸಿಕ್ಕಿತು, 1949ರಲ್ಲಿ ಅವರಿಗೆ ನೊಬೆಲ್ ಬಂತು. ಈಗಿನ ಪುಸ್ತಕಗಳಲ್ಲಿ ಪ್ರಬಲ ಬಲದ ಎದುರು ಬರೆದಿರುವುದು ಗ್ಲೂಆನ್. ಪೈಆನ್ ಎಲ್ಲಿ ಹೋಯಿತು? ಯುಕಾವಾ ಹೇಳಿದ್ದು ತಪ್ಪೆಂದು ತೀರ್ಮಾನವಾಯಿತೇ?

ಇದಕ್ಕಿಂತ ಹೆಚ್ಚು ಕಾಡುತ್ತಿರುವುದು ಇನ್ನೊಂದು. ಬಲವನ್ನು ಒಯ್ಯುವ ಕಣ ಭಾರವಾದಷ್ಟೂ ಬಲದ ವ್ಯಾಪ್ತಿ ಕಡಿಮೆ ಎಂದು ನಾನೇ ಮಕ್ಕಳಿಗೆ ಹೇಳಿದ್ದೇನೆ. ಫೋಟಾನಿಗೆ ದ್ರವ್ಯರಾಶಿ ಇಲ್ಲ, ಹಾಗಾಗಿ ವಿದ್ಯುತ್ಕಾಂತೀಯ ಬಲ ಎಷ್ಟು ದೂರಕ್ಕಾದರೂ ಹೋಗುತ್ತದೆ. ಗ್ಲೂಆನಿಗೂ ದ್ರವ್ಯರಾಶಿ ಸೊನ್ನೆ ಎಂದು ಅದೇ ಪುಸ್ತಕದ ಅದೇ ಕೋಷ್ಟಕದಲ್ಲಿದೆ. ಹಾಗಿದ್ದ ಮೇಲೆ ಪ್ರಬಲ ಬಲ ಎರಡು ಮೂರು ಫೆಮ್ಟೋಮೀಟರ್ (ಮೀಟರಿನ ಹತ್ತು ಕೋಟಿ ಕೋಟಿ ಪಾಲುಗಳಲ್ಲಿ ಒಂದು ಪಾಲು ಒಂದು ಫೆಮ್ಟೋಮೀಟರ್) ದಾಟುವಷ್ಟರಲ್ಲಿ ಯಾಕೆ ಸತ್ತುಹೋಗುತ್ತದೆ? ಮುಂದಿನ ಬೆಂಚಿನ ಹುಡುಗಿಯೊಬ್ಬಳು ಇದನ್ನು ಕೇಳಿಯೇ ಕೇಳುತ್ತಾಳೆ. "ಅಂಟಿನ ಹಾಗೆ ಹಿಡಿದುಕೊಳ್ಳುತ್ತದೆ" ಎಂದು ಹೇಳಿ ಅವಳನ್ನು ಕೂರಿಸಲು ನನಗೆ ಮನಸ್ಸಿಲ್ಲ. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.


ಮೂರನೇ_ಸೆಮಿಸ್ಟರ್:

ಸರ್, ಎರಡೂ ಸರಿ, ಆದರೆ ಎರಡು ಬೇರೆ ಬೇರೆ ಮಟ್ಟದಲ್ಲಿ. ಕ್ವಾರ್ಕುಗಳ ನಡುವೆ ಓಡಾಡೋದು ಗ್ಲೂಆನ್. ಮೂರು ಕ್ವಾರ್ಕು ಸೇರಿ ಪ್ರೋಟಾನ್ ಆಗಿರೋದು ಅದರಿಂದ. ಪ್ರೋಟಾನು, ನ್ಯೂಟ್ರಾನುಗಳ ನಡುವೆ ಇರೋದು ಅದೇ ಬಲದಲ್ಲಿ ಉಳಿದ ಶೇಷ ಅಷ್ಟೇ. ಆ ಶೇಷವನ್ನ ಪೈಆನ್ ಮತ್ತೆ ಬೇರೆ ಮೆಸಾನ್‌ಗಳ ಲೆಕ್ಕದಲ್ಲಿ ಹೇಳ್ತೀವಿ. ಮೆಸಾನ್ ಅಂದ್ರೆ ಒಂದು ಕ್ವಾರ್ಕು, ಒಂದು ಪ್ರತಿಕ್ವಾರ್ಕು (ಅದರ ವಿರುದ್ಧ ಆವೇಶದ ಜೋಡಿ ಕಣ) ಸೇರಿದ ಕಟ್ಟು. ಯುಕಾವಾ ತಪ್ಪು ಅಂತ ಯಾರೂ ಹೇಳಿಲ್ಲ. ಪೈಆನಿನ ದ್ರವ್ಯರಾಶಿ ಸುಮಾರು 140 ಎಂಇವಿ (ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್, ಕಣಗಳ ಶಕ್ತಿ ಮತ್ತೆ ದ್ರವ್ಯರಾಶಿ ಅಳೆಯೋ ಮಾನ), ಅದಕ್ಕೆ ಹೊಂದುವ ವ್ಯಾಪ್ತಿ ಸುಮಾರು 1.4 ಫೆಮ್ಟೋಮೀಟರ್. ನ್ಯೂಕ್ಲಿಯರ್ ಬಲ ಅಳತೆಯಲ್ಲಿ ಕಾಣೋದೂ ಹೆಚ್ಚುಕಡಿಮೆ ಅಷ್ಟೇ ದೂರ.

ಎರಡನೇ ಪ್ರಶ್ನೆ ನನಗೂ ಪರೀಕ್ಷೆ ಮುಗಿಯೋವರೆಗೆ ಅರ್ಥ ಆಗಿರಲಿಲ್ಲ. ದೊಡ್ಡವರು ಬರೀಲಿ, ನಾನೂ ಕಾಯ್ತೀನಿ.


ನಿಧಾನ_ಓದು:

ಪಾಠದ_ಹಲಗೆ ಅವರೇ, ನಿಮ್ಮ ವಿದ್ಯಾರ್ಥಿನಿ ಕೇಳಲಿರುವ ಪ್ರಶ್ನೆಯೇ ಈ ವಿಷಯದ ಹೃದಯ. ಇದಕ್ಕೆ ಉತ್ತರ ಸಿಕ್ಕರೆ ಪೈಆನಿನ ಪ್ರಶ್ನೆ ತಾನಾಗಿಯೇ ಬಗೆಹರಿಯುತ್ತದೆ. ಕೆಲವು ವರ್ಷ ಈ ಲೆಕ್ಕಗಳನ್ನೇ ಮಾಡಿದವನು ನಾನು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಫೋಟಾನ್ ವಿದ್ಯುದಾವೇಶಗಳ ನಡುವೆ ಸಂದೇಶ ಒಯ್ಯುತ್ತದೆ, ಆದರೆ ಅದಕ್ಕೆ ತನ್ನದೇ ಆದ ಆವೇಶ ಇಲ್ಲ. ಎರಡು ಬೆಳಕಿನ ಕಿರಣಗಳು ಒಂದನ್ನೊಂದು ಹಾದುಹೋಗುವಾಗ ಸುಮ್ಮನೆ ದಾಟಿಹೋಗುವುದು ಅದಕ್ಕೇ. ಕ್ವಾರ್ಕುಗಳ ಆವೇಶ ಬೇರೆ ಬಗೆಯದು, ಅದಕ್ಕೆ ಬಣ್ಣ ಎಂದು ಹೆಸರಿಟ್ಟಿದ್ದಾರೆ, ಅದರಲ್ಲಿ ಮೂರು ವಿಧ: ಕೆಂಪು, ಹಸಿರು, ನೀಲಿ. ಈ ಬಣ್ಣದ ಆವೇಶಗಳ ನಡುವೆ ಓಡಾಡುವ ಗ್ಲೂಆನ್ ತಾನೂ ಬಣ್ಣ ಹೊತ್ತಿರುತ್ತದೆ. ಕೆಂಪು ಕ್ವಾರ್ಕೊಂದು ಗ್ಲೂಆನನ್ನು ಹೊರಬಿಟ್ಟು ಹಸಿರಾಗಬಹುದು. ಆಗ ಆ ಗ್ಲೂಆನ್ ಕೆಂಪನ್ನೂ ಹಸಿರಿನ ವಿರುದ್ಧ ಬಣ್ಣವನ್ನೂ ಹೊತ್ತು ಹೊರಟಿದೆ ಎಂದರ್ಥ. ಬಣ್ಣ ಇರುವುದರಿಂದ ಅದು ದಾರಿಯಲ್ಲಿ ಸಿಗುವ ಇನ್ನೊಂದು ಗ್ಲೂಆನನ್ನು ಎಳೆಯುತ್ತದೆ, ತಾನೇ ಇನ್ನೊಂದು ಗ್ಲೂಆನನ್ನು ಹುಟ್ಟಿಸುತ್ತದೆ. ನೀವು ಈ ಒಂದು ಗಂಟೆಯಲ್ಲಿ ಮಕ್ಕಳಿಗೆ ಇದೊಂದನ್ನೇ ಕೊಟ್ಟರೂ ಸಾಕು: ಸಂದೇಶ ಒಯ್ಯುವವನೇ ಆವೇಶವನ್ನೂ ಹೊತ್ತಿದ್ದಾನೆ. ಮಿಕ್ಕಿದ್ದೆಲ್ಲ ಇದರಿಂದ ಹೊರಡುತ್ತದೆ.

ಎರಡು ವಿದ್ಯುದಾವೇಶಗಳನ್ನು ದೂರ ಮಾಡಿದರೆ ಬಲರೇಖೆಗಳು ಸುತ್ತಲಿನ ಜಾಗದಲ್ಲೆಲ್ಲ ಹರಡಿಕೊಂಡು ತೆಳ್ಳಗಾಗುತ್ತವೆ, ಬಲ ಕುಗ್ಗುತ್ತದೆ. ಒಂದು ಕ್ವಾರ್ಕು ಮತ್ತು ಒಂದು ಪ್ರತಿಕ್ವಾರ್ಕನ್ನು ದೂರ ಮಾಡಿದರೆ ಹಾಗಾಗುವುದಿಲ್ಲ. ನಡುವಿನ ಕ್ಷೇತ್ರ ಹರಡದೆ ಕೊಳವೆಯ ಹಾಗೆ ಒಂದು ಗೆರೆಯಲ್ಲಿ ಒತ್ತಿಕೊಂಡು ನಿಲ್ಲುತ್ತದೆ. ಕೊಳವೆ ಉದ್ದವಾದರೂ ದಪ್ಪ ಅಷ್ಟೇ, ಎಳೆತವೂ ಅಷ್ಟೇ. ದೂರ ಹೆಚ್ಚಿದಷ್ಟೂ ಬಲ ಕುಗ್ಗದೆ ಸ್ಥಿರವಾಗಿ ಉಳಿಯುತ್ತದೆ. ಅದರ ಪ್ರಮಾಣ ಒಂದು ಫೆಮ್ಟೋಮೀಟರಿಗೆ ಸುಮಾರು 1 ಜಿಇವಿ, ಅಂದರೆ ಸಾವಿರ ಎಂಇವಿ. ಇದನ್ನು ನಮಗೆ ಪರಿಚಯದ ಅಳತೆಗೆ ತಂದರೆ ಸುಮಾರು 1,60,000 ನ್ಯೂಟನ್, ಅಂದರೆ 16 ಟನ್ ತೂಕವನ್ನು ನೇತುಹಾಕಿದರೆ ಬೀಳುವ ಎಳೆತ. ಅಷ್ಟು ಎಳೆತ, ಕಣ್ಣಿಗೆ ಕಾಣದ ಎರಡು ಚುಕ್ಕೆಗಳ ನಡುವೆ! ಈ ಲೆಕ್ಕವನ್ನು ಮೊದಲ ಸಲ ಕೈಯಲ್ಲಿ ಮಾಡಿದ ದಿನ ಸೊನ್ನೆಗಳನ್ನು ತಪ್ಪು ಹಾಕಿದೆನೇನೋ ಎಂದು ಮೂರು ಬಾರಿ ತಿರುಗಿ ನೋಡಿದ್ದೆ.

ಇನ್ನೂ ಎಳೆದರೆ? ಕೊಳವೆಯಲ್ಲಿ ಕೂಡಿಟ್ಟ ಶಕ್ತಿ ಹೊಸದೊಂದು ಕ್ವಾರ್ಕು ಪ್ರತಿಕ್ವಾರ್ಕು ಜೋಡಿಯನ್ನು ಹುಟ್ಟಿಸಲು ಸಾಲುವಷ್ಟಾಗುತ್ತದೆ. ಕೊಳವೆ ತುಂಡಾಗುತ್ತದೆ, ತುಂಡಾದ ಎರಡೂ ಕೊನೆಗಳಲ್ಲಿ ಹೊಸ ಕ್ವಾರ್ಕುಗಳು ಕೂತಿರುತ್ತವೆ. ಒಂಟಿ ಕ್ವಾರ್ಕು ಸಿಗುವುದಿಲ್ಲ, ಎರಡು ಮೆಸಾನು ಸಿಗುತ್ತವೆ. ಒಂಟಿ ಗ್ಲೂಆನಿನ ಗತಿಯೂ ಇದೇ. ಬಣ್ಣವಿರುವ ಯಾವುದೂ ಒಂಟಿಯಾಗಿ ಹೊರಬರುವುದಿಲ್ಲ.

ಈಗ ನ್ಯೂಕ್ಲಿಯಸ್ಸಿಗೆ ಬನ್ನಿ. ಪ್ರೋಟಾನಿನಲ್ಲಿ ಮೂರು ಬಣ್ಣಗಳೂ ಸೇರಿ ಒಟ್ಟಾರೆ ಬಣ್ಣವಿಲ್ಲ. ಅದು ಪಕ್ಕದ ನ್ಯೂಟ್ರಾನಿಗೆ ಒಂದೇ ಒಂದು ಗ್ಲೂಆನನ್ನು ಕಳಿಸಲಾರದು. ಕಳಿಸಿದರೆ ಬಣ್ಣ ಹೊರಗೆ ಹೋಗಿ ತಾನು ಬಣ್ಣವುಳ್ಳದ್ದಾಗಿ ಉಳಿಯಬೇಕಾಗುತ್ತದೆ, ಅದಕ್ಕೆ ಅವಕಾಶವಿಲ್ಲ. ಕಳಿಸಬಹುದಾದದ್ದು ಬಣ್ಣವಿಲ್ಲದ ಕಟ್ಟು ಮಾತ್ರ. ಅಂಥ ಕಟ್ಟುಗಳಲ್ಲಿ ಎಲ್ಲಕ್ಕಿಂತ ಹಗುರವಾದದ್ದು ಪೈಆನ್. ಹಗುರ ಎಂದರೂ ಅದಕ್ಕೆ ದ್ರವ್ಯರಾಶಿ ಇದೆ, ಆದ್ದರಿಂದ ಬಲ ಬಹುಬೇಗ ಇಳಿದುಹೋಗುತ್ತದೆ. ನೀವು ಮಕ್ಕಳಿಗೆ ಹೇಳಿದ ನಿಯಮ ಸರಿಯಾಗಿಯೇ ಇದೆ. ಅದನ್ನು ಗ್ಲೂಆನಿಗೆ ಹಚ್ಚದೆ, ಪ್ರೋಟಾನಿನಿಂದ ನಿಜವಾಗಿ ಹೊರಬರಬಲ್ಲ ಕಣಕ್ಕೆ ಹಚ್ಚಬೇಕು.


ಪಾಠದ_ಹಲಗೆ:

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. "ಹೊರಬರಬಲ್ಲ ಕಣಕ್ಕೆ ಹಚ್ಚಬೇಕು" ಎನ್ನುವ ಮಾತು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ. ಒಂದು ಉಪಪ್ರಶ್ನೆ: ವಿದ್ಯುದಾವೇಶವಿಲ್ಲದ ಅಣುಗಳೂ ಒಂದಕ್ಕೊಂದು ಸ್ವಲ್ಪ ಅಂಟಿಕೊಳ್ಳುತ್ತವಲ್ಲ, ವಾಂಡರ್ ವಾಲ್ಸ್ ಬಲ, ಅದರ ಹಾಗೆಯೇ ಇದು ಎಂದು ಹೇಳಬಹುದೇ?


ನಿಧಾನ_ಓದು:

ಹೇಳಬಹುದು, ಅರ್ಧ ದಾರಿಯವರೆಗೆ. ಒಟ್ಟಾರೆ ಆವೇಶವಿಲ್ಲದ ಎರಡು ವಸ್ತುಗಳ ನಡುವೆ ಒಳಗಿನ ಬಲದ ಸೋರಿಕೆ ಎನ್ನುವಷ್ಟು ಹೋಲಿಕೆ ಸರಿ. ಆದರೆ ಅಣುಗಳ ನಡುವೆ ಓಡಾಡುವುದು ಫೋಟಾನುಗಳೇ. ಅವಕ್ಕೆ ದ್ರವ್ಯರಾಶಿ ಇಲ್ಲ, ಹೊರಗೆ ಬರಲು ಅಡ್ಡಿಯೂ ಇಲ್ಲ. ಹಾಗಾಗಿ ಆ ಬಲ ದೂರ ಹೋದಂತೆ ಕುಗ್ಗಿದರೂ ಅದರ ಬಾಲ ಉದ್ದವಾಗಿರುತ್ತದೆ. ಇಲ್ಲಿ ಗ್ಲೂಆನುಗಳು ಹೊರಗೆ ಬರುವಂತೆಯೇ ಇಲ್ಲ, ಬಾಲವೇ ಕತ್ತರಿಸಿಹೋಗಿದೆ. ಹೋಲಿಕೆ ಎಲ್ಲಿ ಮುರಿಯುತ್ತದೆ ಎನ್ನುವುದನ್ನೂ ಮಕ್ಕಳಿಗೆ ಹೇಳಿ, ಅವರು ಅದನ್ನೇ ಹೆಚ್ಚು ನೆನಪಿಟ್ಟುಕೊಳ್ಳುತ್ತಾರೆ.


ಪದದ_ಬೇರು:

ವಿಜ್ಞಾನ ನನ್ನ ಕ್ಷೇತ್ರವಲ್ಲ, ಪದಕೋಶದ ಕೆಲಸ ಮಾಡುತ್ತೇನೆ. ಎರಡು ಮಾತು ಹೇಳಲೇಬೇಕು ಅನಿಸಿತು.

ಇಂಗ್ಲಿಷಿನಲ್ಲಿ ಅಂಟಿಗೆ ಗ್ಲೂ ಎನ್ನುತ್ತಾರೆ, ಅದರಿಂದ ಗ್ಲೂಆನ್. ಕನ್ನಡದಲ್ಲಿ ಅಂಟುಕಣ ಎಂದು ಕರೆಯೋಣ ಎಂದು ನಾನೇ ಒಮ್ಮೆ ಸೂಚಿಸಿದ್ದೆ. ಈ ಚರ್ಚೆ ಓದಿದ ಮೇಲೆ ಆ ಸೂಚನೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅಂಟು ಎಂದರೆ ನಮ್ಮ ಮನಸ್ಸಿಗೆ ಬರುವುದು ಹಚ್ಚಿದ ಕಡೆ ಒಣಗಿ ಕೂರುವ ವಸ್ತು. ಹತ್ತಿರ ಇದ್ದಾಗ ಹೆಚ್ಚು ಹಿಡಿತ, ಎಳೆದರೆ ಬಿಟ್ಟುಬಿಡುತ್ತದೆ. ನಿಧಾನ_ಓದು ಅವರು ವಿವರಿಸಿದ್ದು ಅದರ ತದ್ವಿರುದ್ಧ. ಪದ ಅರ್ಥವಾದಂತೆ ಕಂಡು ವಿಷಯ ತಪ್ಪಿಹೋಗುವುದಕ್ಕಿಂತ ಗ್ಲೂಆನ್ ಎಂಬ ಅಪರಿಚಿತ ಪದವೇ ಮೇಲು.

ಬಣ್ಣ ಎಂಬ ಪದದ ಬಗ್ಗೆಯೂ ಎಚ್ಚರಿಕೆ ಬೇಕು. ಕಣ್ಣಿಗೆ ಕಾಣುವ ಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಮೊದಲ ವಾಕ್ಯದಲ್ಲೇ ಹೇಳದಿದ್ದರೆ ಮಕ್ಕಳು ಕೆಂಪು ಗೋಲಿ, ಹಸಿರು ಗೋಲಿ ಎಂದೇ ಚಿತ್ರ ಕಟ್ಟಿಕೊಳ್ಳುತ್ತಾರೆ. ವರ್ಣಾವೇಶ ಎಂದು ಸೇರಿಸಿ ಹೇಳಿದರೆ ಆವೇಶ ಎಂಬ ಭಾಗವಾದರೂ ಕಿವಿಗೆ ಬೀಳುತ್ತದೆ.


ಮೂರನೇ_ಸೆಮಿಸ್ಟರ್:

ಬಣ್ಣ ಅನ್ನೋ ಆಲೋಚನೆ ಬಂದಿದ್ದೇ ಒಂದು ಇಕ್ಕಟ್ಟಿನಿಂದ, ಅದನ್ನ ಹೇಳಿದ್ರೆ ಮಕ್ಕಳಿಗೆ ಅದು ಸುಮ್ಮನೆ ಇಟ್ಟ ಹೆಸರಲ್ಲ ಅಂತ ಗೊತ್ತಾಗುತ್ತೆ ಸರ್. ಡೆಲ್ಟಾ ಪ್ಲಸ್ ಪ್ಲಸ್ ಅನ್ನೋ ಕಣದಲ್ಲಿ ಮೂರೂ ಅಪ್ ಅನ್ನೋ ಒಂದೇ ವಿಧದ ಕ್ವಾರ್ಕು, ಮೂರರ ಸ್ಪಿನ್ನೂ (ಕಣಕ್ಕೆ ಹುಟ್ಟಿನಿಂದಲೇ ಇರೋ ತಿರುಗುವಿಕೆಯಂಥ ಗುಣ) ಒಂದೇ ದಿಕ್ಕು. ಇಂಥ ಒಂದೇ ಬಗೆಯ ಎರಡು ಕಣ ಒಂದೇ ಸ್ಥಿತಿಯಲ್ಲಿ ಇರೋಹಾಗಿಲ್ಲ ಅನ್ನೋ ಪೌಲಿ ನಿಯಮದ ಪ್ರಕಾರ ಹಾಗೆ ಇರೋಕೇ ಆಗಲ್ಲ. 1964ರಲ್ಲಿ ಕ್ವಾರ್ಕ್ ಕಲ್ಪನೆ ಬಂದ ವರ್ಷವೇ ಗ್ರೀನ್‌ಬರ್ಗ್, ಕ್ವಾರ್ಕುಗಳಲ್ಲಿ ನಾವು ನೋಡಿರದ ಇನ್ನೊಂದು ಮೂರು ಬಗೆಯ ಗುಣ ಇರಬೇಕು ಅಂದ್ರು. ಮರುವರ್ಷ ಹಾನ್ ಮತ್ತು ನಂಬು ಅದನ್ನ ಆವೇಶದ ಹಾಗೆ ನೋಡಿ, ಅದರ ಜೊತೆ ಎಂಟು ಬಲವಾಹಕ ಕ್ಷೇತ್ರಗಳನ್ನೂ ತಂದ್ರು.


ಅಪ್ಪ_ಮಗಳು:

ಬಲವಾಹಕಗಳು, ಅಂದರೆ ಗ್ಲೂಆನುಗಳು, ಎಂಟು ಅಂದಿರಿ. ನಾನೂ ನನ್ನ ಮಗಳೂ ಕೂತು ಎಣಿಸಿದೆವು. ಬಣ್ಣ ಮೂರು, ವಿರುದ್ಧ ಬಣ್ಣ ಮೂರು, ಗ್ಲೂಆನಿಗೆ ಒಂದೊಂದು ಬೇಕು. ಮೂರು ಮೂರಲಿ ಒಂಬತ್ತು. ಒಂದು ಎಲ್ಲಿ ಕಳೆಯಿತು ಅಂತ ಅವಳು ಕೇಳುತ್ತಿದ್ದಾಳೆ. ಅವಳಿಗೆ ಹದಿಮೂರು ವರ್ಷ.


ಲೆಕ್ಕದ_ಪುಸ್ತಕ:

ಮಗಳಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ, ಎಣಿಕೆ ಸರಿಯಾಗಿದೆ.

ಒಂಬತ್ತರಲ್ಲಿ ಆರು ಸುಲಭ: ಕೆಂಪು ಮತ್ತು ವಿರುದ್ಧ ಹಸಿರು, ಹಸಿರು ಮತ್ತು ವಿರುದ್ಧ ನೀಲಿ, ಹೀಗೆ ಎರಡೂ ಬೇರೆ ಬೇರೆ ಇರುವಂಥವು. ಉಳಿದ ಮೂರು ಕೆಂಪು ಮತ್ತು ವಿರುದ್ಧ ಕೆಂಪು, ಹಸಿರು ಮತ್ತು ವಿರುದ್ಧ ಹಸಿರು, ನೀಲಿ ಮತ್ತು ವಿರುದ್ಧ ನೀಲಿ. ಕ್ವಾಂಟಮ್ ಲೋಕದಲ್ಲಿ ಇವು ಬೆರೆತ ಸ್ಥಿತಿಯಲ್ಲೂ ಇರಬಲ್ಲವು. ಮೂರನ್ನೂ ಸಮನಾಗಿ ಬೆರೆಸಿದ ಒಂದು ಮಿಶ್ರಣ ಇದೆಯಲ್ಲ, ಅದು ವಿಶೇಷ. ನೀವು ಕೆಂಪನ್ನು ಹಸಿರೆಂದು, ಹಸಿರನ್ನು ನೀಲಿಯೆಂದು ಹೆಸರು ಬದಲಿಸಿದರೂ, ಬಣ್ಣಗಳನ್ನು ಹೇಗೆ ತಿರುಗಿಸಿದರೂ ಅದು ಬದಲಾಗುವುದಿಲ್ಲ. ಅಂದರೆ ಅದಕ್ಕೆ ಬಣ್ಣವೇ ಇಲ್ಲ.

ಅಂಥದ್ದೊಂದು ಒಂಬತ್ತನೆಯ ಗ್ಲೂಆನ್ ಇದ್ದಿದ್ದರೆ ಏನಾಗುತ್ತಿತ್ತು ಎಂದು ಮಗಳ ಜೊತೆ ಕೂತು ಯೋಚಿಸಿ. ಬಣ್ಣವಿಲ್ಲದ ಕಾರಣ ಅದು ಪ್ರೋಟಾನಿನಿಂದ ಆರಾಮಾಗಿ ಹೊರಬರುತ್ತಿತ್ತು. ದ್ರವ್ಯರಾಶಿ ಇಲ್ಲದ ಕಾರಣ ಎಷ್ಟು ದೂರವಾದರೂ ಹೋಗುತ್ತಿತ್ತು. ಪ್ರತಿ ಪ್ರೋಟಾನು, ಪ್ರತಿ ನ್ಯೂಟ್ರಾನಿನ ನಡುವೆ ದೂರದವರೆಗೂ ಮುಟ್ಟುವ ಇನ್ನೊಂದು ಪ್ರಬಲ ಬಲ ಇರುತ್ತಿತ್ತು. ಅಂಥ ಬಲ ಲೋಕದಲ್ಲಿ ಇಲ್ಲ. ಆದ್ದರಿಂದ ಎಂಟು. ಗಣಿತದಲ್ಲಿ ಇದು ಮೂರರ ವರ್ಗದಲ್ಲಿ ಒಂದು ಕಳೆದದ್ದು, ಆ ಸಮಮಿತಿಗೆ ಎಸ್‌ಯು ಮೂರು ಎಂದು ಹೆಸರು. ಆದರೆ ಈ ಕಳೆಯುವ ಒಂದನ್ನು ತೀರ್ಮಾನಿಸಿದ್ದು ಪ್ರಕೃತಿ.

ಇನ್ನೊಂದು: ಎಂಟರಲ್ಲಿ ಕೊನೆಯ ಎರಡು ಮಿಶ್ರಣಗಳನ್ನು ಬೇರೆ ಬೇರೆ ಪುಸ್ತಕಗಳು ಬೇರೆ ಬೇರೆಯಾಗಿ ಬರೆದಿರುತ್ತವೆ. ಗಾಬರಿ ಬೇಡ. ಹಾಳೆಯ ಮೇಲೆ ಅಕ್ಷಗಳನ್ನು ಯಾವ ಕೋನದಲ್ಲಿ ಬೇಕಾದರೂ ಎಳೆಯಬಹುದು, ಹಾಳೆ ಬದಲಾಗುವುದಿಲ್ಲ.


ಅಪ್ಪ_ಮಗಳು:

ಓದಿ ಹೇಳಿದೆ. "ಹಾಗಾದ್ರೆ ಒಂದೂ ಹೊರಗೆ ಬರಲ್ಲ ಅಂದ ಮೇಲೆ, ಯಾರೂ ನೋಡದೆ ಇರೋದನ್ನ ಇದೆ ಅಂತ ಹೇಗೆ ಹೇಳ್ತಾರಪ್ಪ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.


ಹಳೆಯ_ಫಿಲಂ:

ಈ ಪ್ರಶ್ನೆಗೆ ನಾನು ಬರೆಯುತ್ತೇನೆ. ನಿವೃತ್ತನಾಗಿ ಬಹಳ ವರ್ಷವಾಯಿತು. ಕಣಗಳ ಜಾಡಿನ ಚಿತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಒಂದೊಂದಾಗಿ ಅಳೆಯುವ ಕೆಲಸದಲ್ಲಿ ನನ್ನ ಯೌವನ ಕಳೆಯಿತು. 1979ರ ಸುದ್ದಿ ಬಂದ ದಿನಗಳು ಚೆನ್ನಾಗಿ ನೆನಪಿವೆ.

ಮೊದಲ ಸುಳಿವು ಅದಕ್ಕೂ ಹಿಂದಿನದು. 1968ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಸ್ಲ್ಯಾಕ್‌ನಲ್ಲಿ ವೇಗದ ಎಲೆಕ್ಟ್ರಾನುಗಳನ್ನು ಪ್ರೋಟಾನಿಗೆ ಬಡಿದು ನೋಡಿದರು. ಒಳಗೆ ಬಿಂದುವಿನಂಥ ಗಟ್ಟಿ ವಸ್ತುಗಳಿರುವುದು ತಿಳಿಯಿತು. ನಂತರ ದುರ್ಬಲ ಬಲದ ಮೂಲಕ ಡಿಕ್ಕಿಯಾಗುವ ನ್ಯೂಟ್ರಿನೋ ಎಂಬ ಕಣದ ಪ್ರಯೋಗಗಳ ಅಂಕಿಗಳನ್ನೂ ಸೇರಿಸಿ ಲೆಕ್ಕ ಹಾಕಿದಾಗ, ಎಲ್ಲ ಕ್ವಾರ್ಕುಗಳ ಸಂವೇಗ ಕೂಡಿಸಿದರೂ ಪ್ರೋಟಾನಿನ ಸಂವೇಗದ ಸುಮಾರು ಅರ್ಧ ಮಾತ್ರ ಬರುತ್ತಿತ್ತು. ಉಳಿದರ್ಧವನ್ನು ಹೊತ್ತಿದ್ದು ಎಲೆಕ್ಟ್ರಾನಿಗೂ ಕಾಣದ, ನ್ಯೂಟ್ರಿನೋಗೂ ಕಾಣದ ಏನೋ ಒಂದು. ವಿದ್ಯುದಾವೇಶ ಇಲ್ಲದ, ದುರ್ಬಲ ಬಲಕ್ಕೂ ಸಿಗದ ಏನೋ. ಗ್ಲೂಆನಿನ ವರ್ಣನೆಗೆ ಅದು ಸರಿಹೊಂದುತ್ತಿತ್ತು. ಆದರೆ ಲೆಕ್ಕದಲ್ಲಿ ಕಡಿಮೆ ಬಿದ್ದದ್ದನ್ನು ಕಣ್ಣಿಗೆ ಕಂಡದ್ದು ಎನ್ನಲಾಗದು.

ಜರ್ಮನಿಯ ಹ್ಯಾಂಬರ್ಗಿನಲ್ಲಿ ಡೇಸಿ ಎಂಬ ಸಂಶೋಧನಾ ಕೇಂದ್ರ. ಅಲ್ಲಿ 2.3 ಕಿಲೋಮೀಟರ್ ಸುತ್ತಳತೆಯ ಪೆಟ್ರಾ ಎಂಬ ಉಂಗುರದಲ್ಲಿ ಎಲೆಕ್ಟ್ರಾನುಗಳನ್ನೂ ಅವುಗಳ ಪ್ರತಿಕಣಗಳಾದ ಪಾಸಿಟ್ರಾನುಗಳನ್ನೂ ಎದುರುಬದುರು ಡಿಕ್ಕಿ ಹೊಡೆಸುತ್ತಿದ್ದರು. ಎರಡೂ ಅಳಿದು ಒಂದು ಕ್ವಾರ್ಕು, ಒಂದು ಪ್ರತಿಕ್ವಾರ್ಕು ಹುಟ್ಟಿ ವಿರುದ್ಧ ದಿಕ್ಕಿಗೆ ಓಡುತ್ತವೆ. ಅವು ಹೊರಗೆ ಬರುವಂತಿಲ್ಲವಲ್ಲ, ಒಂದೊಂದೂ ಹತ್ತಾರು ಕಣಗಳ ಎರಚಲಾಗಿ ಮಾರ್ಪಡುತ್ತದೆ. ಇದಕ್ಕೆ ಜೆಟ್ ಎನ್ನುತ್ತೇವೆ. ಎದುರುಬದುರಾದ ಎರಡು ಜೆಟ್ಟುಗಳು 1975ರಲ್ಲೇ ಕಂಡಿದ್ದವು. 1976ರಲ್ಲಿ ಎಲ್ಲಿಸ್, ಗಯ್ಯಾರ್ ಮತ್ತು ರಾಸ್ ಒಂದು ಮಾತು ಹೇಳಿದ್ದರು. ವಿದ್ಯುದಾವೇಶವಿರುವ ಕಣ ದಿಕ್ಕು ಬದಲಿಸುವಾಗ ಬೆಳಕು ಸೂಸುವ ಹಾಗೆ, ಕ್ವಾರ್ಕೂ ಒಮ್ಮೊಮ್ಮೆ ಬಲವಾದ ಗ್ಲೂಆನೊಂದನ್ನು ಪಕ್ಕಕ್ಕೆ ಎಸೆಯಬೇಕು, ಆಗ ಮೂರನೆಯ ಜೆಟ್ ಕಾಣಬೇಕು ಎಂದು.

1979ರ ಜೂನ್‌ನಲ್ಲಿ ಪೆಟ್ರಾದ ಟ್ಯಾಸೋ ತಂಡ ಅಂಥ ಮೊದಲ ಚಿತ್ರವನ್ನು ತೋರಿಸಿತು. ಬೇಸಿಗೆ ಮುಗಿಯುವಷ್ಟರಲ್ಲಿ ಅದೇ ಉಂಗುರದ ಮಾರ್ಕ್ ಜೆ, ಜೇಡ್, ಪ್ಲೂಟೋ ತಂಡಗಳೂ ತಮ್ಮ ಪುರಾವೆ ಮುಂದಿಟ್ಟವು. ಚಿತ್ರ ನೋಡಿದರೆ ಮಗುವೂ ಎಣಿಸಬಹುದು: ನಡುವಿನ ಒಂದು ಬಿಂದುವಿನಿಂದ ಮೂರು ಎರಚಲು, ಮೂರೂ ಒಂದೇ ಸಮತಲದಲ್ಲಿ. ಸಮತಲದ ಮಾತು ಮುಖ್ಯ. ಒಂದು ಬಿಂದುವಿನಿಂದ ಮೂರೇ ವಸ್ತು ಹೊರಟು ಒಟ್ಟು ಸಂವೇಗ ಸೊನ್ನೆಯಾಗಬೇಕಾದರೆ ಮೂರೂ ಒಂದೇ ಹಾಳೆಯ ಮೇಲೆ ಇರಲೇಬೇಕು. ಎರಡೇ ಜೆಟ್ಟಿನ ಎರಚಲು ಆಕಸ್ಮಿಕವಾಗಿ ಕವಲೊಡೆದಂತೆ ಕಂಡದ್ದಾಗಿದ್ದರೆ ಹೀಗೆ ಚಪ್ಪಟೆಯಾದ ಘಟನೆಗಳು ಅಷ್ಟೊಂದು ಬರುತ್ತಿರಲಿಲ್ಲ. ಮರುವರ್ಷ ಜೆಟ್ಟುಗಳ ನಡುವಿನ ಕೋನಗಳನ್ನು ಅಳೆದು, ಹೊರಟ ಕಣದ ಸ್ಪಿನ್ ಒಂದು ಎಂಬುದನ್ನೂ ತೋರಿಸಿದರು. ಬಲವಾಹಕಕ್ಕೆ ಇರಬೇಕಾದದ್ದೇ ಅದು.

ಮಗಳಿಗೆ ಹೀಗೆ ಹೇಳಿ. ಒದ್ದೆ ಮರಳಿನ ಮೇಲೆ ಹೆಜ್ಜೆ ಗುರುತಿದೆ, ಹಕ್ಕಿ ಹಾರಿಹೋಗಿದೆ. ಹೆಜ್ಜೆಯ ಆಳ, ಅಂತರ, ಬೆರಳುಗಳ ಸಂಖ್ಯೆ ಎಲ್ಲವೂ ಹಕ್ಕಿಯ ಬಗ್ಗೆ ಮೊದಲೇ ಹೇಳಿದ್ದಕ್ಕೆ ಸರಿಹೊಂದಿದರೆ, ಹಕ್ಕಿ ಇತ್ತು ಎನ್ನಲು ನನಗೆ ಸಂಕೋಚವಿಲ್ಲ. ನನ್ನ ಇಡೀ ವೃತ್ತಿ ಹೆಜ್ಜೆ ಗುರುತು ಓದುವುದೇ ಆಗಿತ್ತು.


ಶೂನ್ಯದ_ಆಚೆ:

ಜೆಟ್ಟಿನ ಗ್ಲೂಆನ್ ನಿಜ ಎಂದು ಒಪ್ಪುತ್ತೇನೆ. ಆದರೆ ಪ್ರೋಟಾನಿನೊಳಗೆ "ಗ್ಲೂಆನು ಓಡಾಡುತ್ತದೆ", ನ್ಯೂಕ್ಲಿಯಸ್ಸಿನೊಳಗೆ "ಪೈಆನು ಓಡಾಡುತ್ತದೆ" ಎನ್ನುವ ಮಾತಿಗೆ ನನ್ನ ಆಕ್ಷೇಪಣೆ ಇದೆ. ಅದು ಲೆಕ್ಕ ಹಾಕುವ ಒಂದು ವಿಧಾನ. ಉತ್ತರವನ್ನು ಒಂದರ ಮೇಲೊಂದು ಚಿಕ್ಕ ತಿದ್ದುಪಡಿಗಳನ್ನು ಕೂಡಿಸುವ ಸರಣಿಯಾಗಿ ಬರೆದು, ಆ ಸರಣಿಯ ಒಂದೊಂದು ಪದಕ್ಕೆ ಬರೆದ ಚಿತ್ರ. ಬಲದ ಅಳತೆ ದೊಡ್ಡದಾದಾಗ ತಿದ್ದುಪಡಿಗಳು ಚಿಕ್ಕದಾಗುತ್ತ ಹೋಗದೆ ಆ ಸರಣಿಯೇ ಗಟ್ಟಿಯಾಗಿ ನಿಲ್ಲುವುದಿಲ್ಲ. ಮಕ್ಕಳ ಮುಂದೆ ಇಬ್ಬರು ಚೆಂಡು ಎಸೆದಾಡುವ ಚಿತ್ರ ಬರೆದು ಅದೇ ವಾಸ್ತವ ಎಂದು ಹೇಳಬೇಡಿ ಎಂದು ಕೇಳಿಕೊಳ್ಳುತ್ತೇನೆ. ಚೆಂಡು ಎಸೆದಾಡಿದರೆ ಇಬ್ಬರೂ ದೂರ ಸರಿಯುತ್ತಾರೆ, ಸೆಳೆತ ಅದರಿಂದ ಹೇಗೆ ಬರುತ್ತದೆ?


ನಿಧಾನ_ಓದು:

ಆಕ್ಷೇಪಣೆ ನ್ಯಾಯವಾದದ್ದು, ನನ್ನ ಮೊದಲ ಬರಹದಲ್ಲೇ ಈ ಎಚ್ಚರಿಕೆ ಹಾಕಬೇಕಿತ್ತು. ಚೆಂಡಿನ ಚಿತ್ರವನ್ನು ನಾನೂ ಬಿಟ್ಟುಬಿಡಲು ಹೇಳುತ್ತೇನೆ.

ಆದರೆ ಸರಣಿ ಯಾವಾಗ ನಿಲ್ಲುತ್ತದೆ, ಯಾವಾಗ ಕುಸಿಯುತ್ತದೆ ಎನ್ನುವುದೇ ಈ ಬಲದ ಅತಿ ಸುಂದರ ಭಾಗ, ಅದನ್ನು ಬಿಟ್ಟು ಮುಂದೆ ಹೋಗಲಾರೆ. ವಿದ್ಯುದಾವೇಶದ ಸುತ್ತ ಶೂನ್ಯದಲ್ಲಿ ಕ್ಷಣಕಾಲ ಹುಟ್ಟಿ ಅಳಿಯುವ ಜೋಡಿಗಳು ಆವೇಶವನ್ನು ಮರೆಮಾಡುತ್ತವೆ. ಹತ್ತಿರ ಹೋದಷ್ಟೂ ಮರೆ ಕಳಚಿ ಆವೇಶ ಹೆಚ್ಚಾಗಿ ಕಾಣುತ್ತದೆ. ಬಣ್ಣದ ವಿಷಯದಲ್ಲಿ ಕ್ವಾರ್ಕು ಜೋಡಿಗಳು ಇದನ್ನೇ ಮಾಡುತ್ತವೆ, ಗ್ಲೂಆನುಗಳು ಇದರ ವಿರುದ್ಧ ಮಾಡುತ್ತವೆ. ಅವೇ ಬಣ್ಣ ಹೊತ್ತಿರುವುದರಿಂದ ಮೂಲ ಕ್ವಾರ್ಕಿನ ಬಣ್ಣವನ್ನು ಸುತ್ತಲಿನ ಜಾಗಕ್ಕೆ ಹರವಿಬಿಡುತ್ತವೆ. ಒಳಕ್ಕೆ ಹೋದಷ್ಟೂ ಆ ಹರವಿನ ಸ್ವಲ್ಪ ಭಾಗ ನಮ್ಮ ಬೆನ್ನ ಹಿಂದೆ ಉಳಿಯುತ್ತದೆ, ಎದುರಿಗೆ ಕಾಣುವ ಬಣ್ಣ ಕಡಿಮೆಯಾಗುತ್ತದೆ. ಗೆಲ್ಲುವುದು ಯಾರು? ಬಣ್ಣ ಮೂರು, ಕ್ವಾರ್ಕಿನ ವಿಧ ಆರು. ಲೆಕ್ಕದಲ್ಲಿ ಬಣ್ಣಗಳ ಸಂಖ್ಯೆಗೆ 11ರ ತೂಕ, ಕ್ವಾರ್ಕಿನ ವಿಧಗಳ ಸಂಖ್ಯೆಗೆ 2ರ ತೂಕ ಬರುತ್ತದೆ, ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯಬೇಕು: 11×3 − 2×6 = 21. ಉತ್ತರ ಧನಾತ್ಮಕ, ಗ್ಲೂಆನುಗಳ ಗೆಲುವು. ಕ್ವಾರ್ಕಿನ ವಿಧಗಳು ಹದಿನಾರನ್ನು ಮೀರಿದ್ದರೆ ಚಿಹ್ನೆ ತಿರುಗಿ ಬೇರೆಯೇ ಲೋಕವಾಗುತ್ತಿತ್ತು.

ಇದನ್ನು 1973ರಲ್ಲಿ ಗ್ರಾಸ್ ಮತ್ತು ವಿಲ್ಚೆಕ್ ಒಂದು ಕಡೆ, ಪೊಲಿಟ್ಜರ್ ಇನ್ನೊಂದು ಕಡೆ ಕಂಡುಕೊಂಡರು. 2004ರಲ್ಲಿ ಮೂವರಿಗೂ ನೊಬೆಲ್ ಬಂತು. ಇದರ ಫಲ: ತೀರಾ ಹತ್ತಿರದಲ್ಲಿ, ಅಂದರೆ ಹೆಚ್ಚು ಶಕ್ತಿಯ ಡಿಕ್ಕಿಗಳಲ್ಲಿ, ಬಲ ಸೌಮ್ಯ. 91 ಜಿಇವಿ ಶಕ್ತಿಯಲ್ಲಿ ಬಲ ಎಷ್ಟು ತೀವ್ರ ಎಂದು ಹೇಳುವ ಸಂಖ್ಯೆ ಸುಮಾರು 0.118. ಅಲ್ಲಿ ಸರಣಿ ಚೆನ್ನಾಗಿ ನಿಲ್ಲುತ್ತದೆ, ಗ್ಲೂಆನಿನ ಚಿತ್ರ ಬರೆದು ಮೂರು ಜೆಟ್ಟುಗಳ ಲೆಕ್ಕ ಹಾಕಬಹುದು. ಪ್ರೋಟಾನಿನ ಗಾತ್ರದ ದೂರಕ್ಕೆ ಬಂದರೆ ಸಂಖ್ಯೆ ಬೆಳೆದು ಸರಣಿ ಕುಸಿಯುತ್ತದೆ, ಚಿತ್ರಗಳಿಗೆ ಅರ್ಥ ಉಳಿಯುವುದಿಲ್ಲ. ಅಲ್ಲಿಗೆ ವಿಲ್ಸನ್ 1974ರಲ್ಲಿ ಹಾಕಿಕೊಟ್ಟ ದಾರಿ ಬೇಕು. ದೇಶಕಾಲವನ್ನು ಜಾಲರಿಯಂತೆ ಬಿಂದುಗಳಾಗಿ ಒಡೆದು, ಬಿಂದುಗಳಲ್ಲಿ ಕ್ವಾರ್ಕನ್ನೂ ನಡುವಿನ ಕೊಂಡಿಗಳಲ್ಲಿ ಗ್ಲೂಆನ್ ಕ್ಷೇತ್ರವನ್ನೂ ಇಟ್ಟು, ದೊಡ್ಡ ಕಂಪ್ಯೂಟರುಗಳಲ್ಲಿ ಲೆಕ್ಕ ಹಾಕುವುದು. ನಾನು ದುಡಿದದ್ದು ಅಲ್ಲೇ. ನಾನು ಮೊದಲು ಹೇಳಿದ ಕೊಳವೆ ಆ ಲೆಕ್ಕಗಳಲ್ಲಿ ಎದ್ದು ಕಾಣುತ್ತದೆ. ಆದರೆ ಮೂಲ ಸಮೀಕರಣದಿಂದ ಹೊರಟು, ಈ ಬಗೆಯ ಕ್ಷೇತ್ರದ ಅತಿ ಹಗುರ ಕಣಕ್ಕೂ ಸೊನ್ನೆಗಿಂತ ಹೆಚ್ಚಿನ ದ್ರವ್ಯರಾಶಿ ಇರಲೇಬೇಕು ಎಂದು ಕಟ್ಟುನಿಟ್ಟಾಗಿ ಸಾಧಿಸಿದವರು ಇನ್ನೂ ಇಲ್ಲ. 2000ದಲ್ಲಿ ಹತ್ತು ಲಕ್ಷ ಡಾಲರ್ ಬಹುಮಾನ ಕಟ್ಟಿದ ಗಣಿತದ ಏಳು ಸಮಸ್ಯೆಗಳಲ್ಲಿ ಅದೂ ಒಂದು.

ಸೆಳೆತದ ಬಗ್ಗೆ: ಬಣ್ಣಗಳು ಹೇಗೆ ಜೋಡಿಯಾಗಿವೆ ಎಂಬುದರ ಮೇಲೆ ಕ್ಷೇತ್ರದ ಒಟ್ಟು ಶಕ್ತಿ ಹೆಚ್ಚೋ ಕಡಿಮೆಯೋ ಆಗುತ್ತದೆ. ಬಣ್ಣಗಳು ಒಂದನ್ನೊಂದು ಅಳಿಸುವಂತಿದ್ದರೆ ಹತ್ತಿರ ಬಂದಾಗ ಶಕ್ತಿ ಇಳಿಯುತ್ತದೆ, ಅದೇ ಸೆಳೆತ. ಚೆಂಡು ಬೇಕಾಗಿಲ್ಲ.


ಲೆಕ್ಕದ_ಪುಸ್ತಕ:

ದ್ರವ್ಯರಾಶಿಯ ಮಾತು ಯಾರೂ ಎತ್ತಲಿಲ್ಲ. ಮಕ್ಕಳಿಗೆ ಅದನ್ನೂ ಹೇಳಿ. ಪ್ರೋಟಾನಿನ ದ್ರವ್ಯರಾಶಿ 938 ಎಂಇವಿ. ಅಪ್ ಕ್ವಾರ್ಕಿನದು ಸುಮಾರು 2.2, ಡೌನ್ ಕ್ವಾರ್ಕಿನದು ಸುಮಾರು 4.7. ಎರಡು ಅಪ್ ಒಂದು ಡೌನ್ ಸೇರಿಸಿದರೆ 9 ಎಂಇವಿ ಚಿಲ್ಲರೆ. ಅಂದರೆ ನೂರರಲ್ಲಿ ಒಂದು ಪಾಲು ಕ್ವಾರ್ಕುಗಳದ್ದು, ಉಳಿದ 99 ಪಾಲು ಗ್ಲೂಆನುಗಳದ್ದು.


ನಿಧಾನ_ಓದು:

ಮೊದಲ ಲೆಕ್ಕ ಸರಿ, ಕೊನೆಯ ವಾಕ್ಯ ಸರಿಯಲ್ಲ. ಉಳಿದದ್ದರಲ್ಲಿ ಗ್ಲೂಆನ್ ಕ್ಷೇತ್ರದ ಶಕ್ತಿ ಒಂದು ಭಾಗ ಮಾತ್ರ. ಅಷ್ಟು ಚಿಕ್ಕ ಜಾಗದಲ್ಲಿ ಸಿಕ್ಕಿಹಾಕಿಕೊಂಡ ಕ್ವಾರ್ಕುಗಳು ಬೆಳಕಿಗೆ ಹತ್ತಿರದ ವೇಗದಲ್ಲಿ ಚಲಿಸುತ್ತಿರುತ್ತವೆ, ಅವುಗಳ ಚಲನೆಯ ಶಕ್ತಿಯೂ ತೂಗುತ್ತದೆ. 2018ರಲ್ಲಿ ಪ್ರಕಟವಾದ ಜಾಲರಿ ಲೆಕ್ಕವೊಂದರಲ್ಲಿ ಹಂಚಿಕೆ ಸುಮಾರು ಹೀಗಿದೆ: ಕ್ವಾರ್ಕುಗಳ ಶಕ್ತಿ 32%, ಗ್ಲೂಆನ್ ಕ್ಷೇತ್ರದ ಶಕ್ತಿ 36%, ಕ್ವಾಂಟಮ್ ಪರಿಣಾಮದಿಂದ ಹುಟ್ಟುವ ಇನ್ನೊಂದು ಪಾಲು 23%, ಕ್ವಾರ್ಕುಗಳ ಸ್ವಂತ ದ್ರವ್ಯರಾಶಿಗೆ ಸೇರಿದ್ದು 9%. ಈ ಕೊನೆಯದು ನಿಮ್ಮ ಒಂದು ಪಾಲಿಗಿಂತ ಹೆಚ್ಚಾಗಲು ಕಾರಣ, ಒಳಗೆ ಹುಟ್ಟಿ ಅಳಿಯುವ ಸ್ಟ್ರೇಂಜ್ ಮುಂತಾದ ಕ್ವಾರ್ಕು ಜೋಡಿಗಳೂ ಆ ಲೆಕ್ಕಕ್ಕೆ ಸೇರುತ್ತವೆ.


ಲೆಕ್ಕದ_ಪುಸ್ತಕ:

ತಿದ್ದಿದ್ದಕ್ಕೆ ಧನ್ಯವಾದ. ನಾನು ಬಹಳ ಕಡೆ ಆ ತಪ್ಪನ್ನೇ ಹೇಳಿಕೊಂಡು ಬಂದಿದ್ದೇನೆ, ಇನ್ನು ಹೇಳುವುದಿಲ್ಲ.


ಅಪ್ಪ_ಮಗಳು:

ಮಗಳ ಕೊನೆಯ ಪ್ರಶ್ನೆ, ಆಮೇಲೆ ಮಲಗುತ್ತಾಳಂತೆ. ಗ್ಲೂಆನು ಗ್ಲೂಆನನ್ನೇ ಎಳೆಯುತ್ತದೆ ಅಂದಿರಿ. ಹಾಗಾದರೆ ಕ್ವಾರ್ಕೇ ಇಲ್ಲದೆ ಬರೀ ಗ್ಲೂಆನುಗಳ ಉಂಡೆ ಇರಬಹುದಾ?


ನಿಧಾನ_ಓದು:

ಇರಬೇಕು. ಅದಕ್ಕೆ ಗ್ಲೂಬಾಲ್ ಎಂದು ಹೆಸರೂ ಇದೆ. ಅತಿ ಹಗುರವಾದದ್ದು 1.5ರಿಂದ 1.7 ಜಿಇವಿ ಆಸುಪಾಸು ಇರಬೇಕೆಂದು ಜಾಲರಿ ಲೆಕ್ಕಗಳು ಹೇಳುತ್ತವೆ. ದ್ರವ್ಯರಾಶಿಯೇ ಇಲ್ಲದ ಕಣಗಳು ಕೂಡಿ ಪ್ರೋಟಾನಿಗಿಂತ ಭಾರದ ಉಂಡೆ! ತೊಂದರೆ ಏನೆಂದರೆ ಅದೇ ಭಾರದ ಆಸುಪಾಸಿನಲ್ಲಿ ಸಾಮಾನ್ಯ ಮೆಸಾನುಗಳೂ ಇವೆ, ಕ್ವಾಂಟಮ್ ನಿಯಮದಂತೆ ಇವು ಅವುಗಳ ಜೊತೆ ಬೆರೆತುಹೋಗುತ್ತವೆ. ಎಫ್ ಸೊನ್ನೆ 1500, ಎಫ್ ಸೊನ್ನೆ 1710 ಎಂಬ ಎರಡು ಕಣಗಳಲ್ಲಿ ಯಾವುದರಲ್ಲಿ ಗ್ಲೂಬಾಲಿನ ಅಂಶ ಎಷ್ಟು ಎಂಬ ವಾದ ಇನ್ನೂ ನಡೆದಿದೆ. 2024ರಲ್ಲಿ ಚೀನಾದ ಬೆಸ್ ಮೂರು ಪ್ರಯೋಗದವರು ಎಕ್ಸ್ 2370 ಎಂಬ ಇನ್ನೊಂದು ಕಣದ ಸ್ಪಿನ್ ಮೊದಲಾದ ಗುಣಗಳನ್ನು ಅಳೆದರು. ಅವು ಇನ್ನೊಂದು ಬಗೆಯ ಗ್ಲೂಬಾಲಿಗೆ ಹೇಳಿದ್ದಕ್ಕೆ ಹೊಂದುತ್ತವೆ. ಇದೇ ಅದು ಎಂದು ಎಲ್ಲರೂ ಒಪ್ಪುವ ಹಂತ ಇನ್ನೂ ಬಂದಿಲ್ಲ.


ಪಾಠದ_ಹಲಗೆ:

ಎಲ್ಲರಿಗೂ ಋಣಿ. ಟಿಪ್ಪಣಿಯಲ್ಲಿದ್ದ ಚೆಂಡಿನ ಚಿತ್ರ ಹೊಡೆದುಹಾಕಿದೆ, ಮೂರು ಜೆಟ್ಟಿನ ಚಿತ್ರ ಬರೆದುಕೊಂಡೆ. ಹಲಗೆಯ ಮೇಲೆ ಬರೆಯುವ ಸಾಲುಗಳು ಇವು, ತಪ್ಪಿದ್ದರೆ ಹೇಳಿ:

"ಪ್ರಬಲ ಬಲವನ್ನು ಒಯ್ಯುವುದು ಎಂಟು ಬಗೆಯ ಗ್ಲೂಆನುಗಳು. ಅವಕ್ಕೆ ದ್ರವ್ಯರಾಶಿ ಇಲ್ಲ, ಆದರೆ ಬಣ್ಣದ ಆವೇಶ ಇದೆ. ಆದ್ದರಿಂದ ಅವು ಪ್ರೋಟಾನಿನಿಂದ ಹೊರಗೆ ಹೋಗಲಾರವು. ನ್ಯೂಕ್ಲಿಯಸ್ಸನ್ನು ಹಿಡಿದಿಡುವುದು ಅದೇ ಬಲದ ಶೇಷ. ದೂರದಲ್ಲಿ ಅದನ್ನು ಒಯ್ಯುವುದು ಪೈಆನ್."


ನಿಧಾನ_ಓದು:

ಒಂದೇ ತಿದ್ದುಪಡಿ. "ಹೊರಗೆ ಹೋಗಲಾರವು" ಎಂಬಲ್ಲಿ "ಒಂಟಿಯಾಗಿ" ಎಂದು ಸೇರಿಸಿ. ಬಣ್ಣ ಅಳಿಯುವಂತೆ ಜೊತೆಗೂಡಿದರೆ ಹೋಗಬಲ್ಲವು, ಅಪ್ಪ_ಮಗಳು ಅವರ ಮಗಳು ಈಗ ತಾನೇ ಕೇಳಿದ್ದು ಅದನ್ನೇ.